ಗಡಿನಾಡಿನ ಗುಮಾಸ್ತ ಕೈಗಾ ಬಸ್ಸು ಹತ್ತಿದ್ದು

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಕಾರವಾರದಿಂದ ಕೈಗಾ ಅಣುಸ್ಥಾವರಕ್ಕೆ ಕಂಪನಿ ಬಸ್ಸಿನಲ್ಲಿ ಗುಮಾಸ್ತೆ ಕೆಲಸಕ್ಕೆ ಹೋಗುತ್ತಿದ್ದೆ. ಪಕ್ಕದ ಸೀಟು ನಮ್ಮ ಆಫೀಸಿನ ಹಿರಿಯಕ್ಕ ಒಬ್ಬರದು. ಅವರ ತವರು ಅಂಕೋಲೆಯ ಮೀನುಗಾರರ ಮನೆ. ಅವರು ಪಿಸುಗುಟ್ಟಿದರೂ ಇಡೀ ಬಸ್ಸಿಗೆ ಕೇಳುತ್ತಿತ್ತು.

ಒಮ್ಮೆ ರದ್ದಿ ಅಂಗಡಿಯಲ್ಲಿ ನನಗೆ ಬ್ರಿಟಿಷರ ಕಾಲದ ಇಂಗ್ಲಿಷ್ ಕಾದಂಬರಿಯೊಂದು ಸಿಕ್ಕಿತು. ವಾಯವ್ಯ ಗಡಿಯ ಬೆಟ್ಟ, ಕುದುರೆ, ಬಂದೂಕಿನ ಸಾಹಸಕಥೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮುನ್ನುಡಿಯಲ್ಲಿದ್ದ ಲೇಖಕನ ಬದುಕು. ದಂಡಿಗೆ ಸೇರಲು ಹೋದವನನ್ನು ಕಣ್ಣು ಮಂದವೆಂದು ವಾಪಸು ಕಳಿಸಿದ್ದರಂತೆ. ಆತ ಗಡಿಯ ಠಾಣೆಯಲ್ಲಿ ಗುಮಾಸ್ತನಾದ. ಹಗಲಿಡೀ ಕುದುರೆ ಹುಲ್ಲಿನ ಲೆಕ್ಕ, ಸಂಜೆ ಕಾದಂಬರಿ. ಅವನ ನಾಯಕರೆಲ್ಲ ಹದ್ದಿನ ಕಣ್ಣಿನವರು!

"ಅಯ್ಯ, ನಮ್ಮಂಗೇ ಗುಮಾಸ್ತ ಅಂವ! ಕತೆ ಹೇಳೇ ತಂಗಿ," ಎಂದರು ಅಕ್ಕ.

ದಿನಕ್ಕಿಷ್ಟಿಷ್ಟು ಹೇಳತೊಡಗಿದೆ. ದಾರಿಯಲ್ಲಿ ಕದ್ರಾ ಬರುವಷ್ಟರಲ್ಲಿ ಹಿಂದಿನ ಸೀಟಿನವರೂ ಮುಂದಕ್ಕೆ ಬಾಗಿರುತ್ತಿದ್ದರು. ಕಥೆಯಲ್ಲಿ ಊಟಕ್ಕೆ ಕೂತಾಗೆಲ್ಲ ಗೊಣಗುವ ಕ್ಯಾಪ್ಟನ್ ಮತ್ತು ಅವನ ಅಡುಗೆಯವನು ಹಿಮದ ಕಣಿವೆ ಹತ್ತುತ್ತಾರೆ. ಹಿಮ ಕುಸಿಯುತ್ತದೆ. ಕ್ಯಾಪ್ಟನ್ ಕೋಟೆ ಮುಟ್ಟುತ್ತಾನೆ.

"ಅಡುಗೆಯಂವ ಎಲ್ಲಿ ಹೋದ?"

"ಪುಸ್ತಕದಲ್ಲಿ ಆಮೇಲೆ ಅವನ ಸುದ್ದಿಯೇ ಇಲ್ಲ, ಅಕ್ಕ."

"ಇಲ್ಲ ಅಂದ್ರೆ ಎಂತ? ದೋಣಿ ದಡಕ್ಕೆ ಬಂದಾಗ ಎಲ್ಲಾರೂ ಬಂದ್ರಾ ನೋಡೂದಿಲ್ವಾ? ನೀನೇ ಹುಡ್ಕಿ ತಕಾ ಬಾ."

ಮರುದಿನ ಹುಡುಕಿ ತಂದೆ. ನನ್ನ ಕಥೆಯಲ್ಲಿ ಬೆಟ್ಟದ ಜನ ಅವನನ್ನು ಕಾಪಾಡಿದರು. ಅವನು ಕಣಿವೆಯ ದಾರಿಯಲ್ಲಿ ಖಾನಾವಳಿ ತೆರೆದ. ಎಷ್ಟೋ ವರ್ಷಗಳ ಮೇಲೆ ಗಡ್ಡ ನರೆತ ಬಿಳಿಯನೊಬ್ಬ ಹಸಿದು ಬಂದು ಕುಳಿತ. ಒಂದು ತುತ್ತು ತಿಂದವನೇ ಉಪ್ಪು ಜಾಸ್ತಿಯೆಂದು ಗೊಣಗಿದ. ಆ ಗೊಣಗಾಟ ಕೇಳಿದ್ದೇ ತಡ, ಅಡುಗೆಯವನಿಗೆ ತನ್ನ ಕ್ಯಾಪ್ಟನ್ನಿನ ಗುರುತು ಹತ್ತಿತು! ಬಸ್ಸೆಲ್ಲ ನಗು. ಗೇಟಿನ ಮುಂದೆ ನಿಲ್ಲಿಸಿದ ಡ್ರೈವರ್, "ಯಾರೂ ಇಳಿಯೂದಿಲ್ವಾ?" ಎಂದು ಕೂಗಿದ.

"ತಡಿಯೋ ಮಾರಾಯ, ಇನ್ನೂ ಬಡಿಸ್ತೇ ಇದ್ದಾನೆ!" ಎಂದರು ಅಕ್ಕ.

ನಾನೊಂದು ಕಥೆ ಕಟ್ಟಿದ್ದು ಅದೇ ಮೊದಲು. ಆ ದಿನವಿಡೀ ಫೈಲಿನ ಮುಂದೆ ಕೂತು ಒಬ್ಬಳೇ ನಗುತ್ತಿದ್ದೆ.

ಭಾನುವಾರ ಅಕ್ಕ ನನ್ನನ್ನು ಅಂಕೋಲೆಗೆ ಊಟಕ್ಕೆ ಕರೆದೊಯ್ದರು. ಅವರ ತಾಯಿಗೂ ನನ್ನಿಂದ ಗುಮಾಸ್ತನ ಬದುಕಿನಿಂದ ಹಿಡಿದು ಎಲ್ಲ ಕಥೆ ಹೇಳಿಸಿದರು. ಮುದುಕಿ ಕೊನೆಯವರೆಗೂ ಕೇಳಿ, "ಆ ಗುಮಾಸ್ತಂಗೆ ಮದಿ ಆಗಿತ್ತಾ?" ಎಂದರು.

"ಆಗಿತ್ತಂತೆ. ಕಣ್ಣು ಪೂರ್ತಿ ಹೋದಮೇಲೆ ಅವನು ಕಥೆ ಹೇಳುತ್ತಿದ್ದ, ಹೆಂಡತಿ ಬರೆಯುತ್ತಿದ್ದಳು."

"ಹಂಗಾರೆ ಚಲೋ ಆಯ್ತು ಬಿಡು," ಎಂದು ಮುದುಕಿ ನನ್ನ ತಟ್ಟೆಗೆ ಇನ್ನೊಂದು ಹುರಿದ ಬಂಗಡೆ ಹಾಕಿದರು.