ಎಡಗಡೆಯ ಗಾಜು

ನನ್ನ ಗಂಡ ಹದಿನೆಂಟು ವರ್ಷ ಗಲ್ಫಿನಲ್ಲಿ ಪಿಕಪ್ ಓಡಿಸಿದವರು. ಅಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ಗಾಡಿ ಹೋಗುವುದು ರಸ್ತೆಯ ಬಲಕ್ಕೆ. ಅವರ ಕಂಪೆನಿ ಮುಚ್ಚಿ, ಶಕ್ತಿನಗರದ ಮನೆಗೆ ಬಂದು ಕುಳಿತಾಗ ಅವರಿಗೆ ನಲವತ್ತೇಳು. ನಾಲ್ಕು ತಿಂಗಳು ಕೆಲಸ ಹುಡುಕಿ ಸಾಕಾಗಿ, ಲಾರಿ ಕಲಿಯುತ್ತೇನೆ ಎಂದರು. ಬಂದರಿನಿಂದ ಸರಕು ಸಾಗಿಸುವವರಿಗೆ ಡ್ರೈವರುಗಳು ಬೇಕಾಗಿದ್ದರು. ಬೇಡ ಎನ್ನುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಕಣ್ಣು ಚೆನ್ನಾಗಿದೆ, ಶುಗರ್ ಇಲ್ಲ, ಅಷ್ಟಾದರೂ ದೇವರು ಉಳಿಸಿದ್ದಾನಲ್ಲ ಎಂದುಕೊಂಡೆ.

ಬಜಪೆಯ ಕಡೆಯ ಒಂದು ಖಾಲಿ ಮೈದಾನದಲ್ಲಿ ಕಲಿಕೆ. ಕಲಿಸುವವರು ಉಳ್ಳಾಲದ ಒಬ್ಬರು ಬ್ಯಾರಿ ಮುಸ್ಲಿಂ ಹಿರಿಯರು, ಮೂವತ್ತು ವರ್ಷ ಮುಂಬೈ, ಕೊಚ್ಚಿ ಎಂದು ಲಾರಿ ಓಡಿಸಿದವರು. ಎಲ್ಲರೂ ಅವರನ್ನು ಮಾಸ್ಟ್ರು ಎನ್ನುತ್ತಿದ್ದರು. ಅವರು ಸರಿ ಎಂದವರಿಗೆ ಮಾತ್ರ ಲಾರಿಯ ಮಾಲಕರು ಕೀ ಕೊಡುವುದು.

ಮಾಸ್ಟ್ರು ಹೇಳಿದ್ದನ್ನು ಗಂಡ ಒಂದು ನೋಟ್ ಪುಸ್ತಕದಲ್ಲಿ ಬರೆದು ತರುತ್ತಿದ್ದರು. ಸಂಜೆ ದೀಪ ಹಚ್ಚಿ, ಭಜನೆ ಮುಗಿದ ಮೇಲೆ ನಾನು ಪುಸ್ತಕ ಹಿಡಿದು ಕೇಳುವುದು, ಅವರು ಹೇಳುವುದು.

"ಹೊರಡುವ ಮೊದಲು?"

"ಗಾಡಿಗೆ ಒಂದು ಸುತ್ತು ಬರುವುದು. ಟಯರ್ ಬಡಿದು ನೋಡುವುದು. ಅಡಿಯಲ್ಲಿ ಎಣ್ಣೆ ಬಿದ್ದಿದೆಯಾ, ಲೈಟ್ ಎಲ್ಲ ಉಂಟಾ."

"ಘಾಟಿ ಇಳಿಯುವಾಗ?"

"ಬ್ರೇಕ್ ಒತ್ತಿಯೇ ಹಿಡಿಯಬಾರದು. ಸಣ್ಣ ಗೇರಿನಲ್ಲಿ ನಿಧಾನ ಇಳಿಯುವುದು."

"ಹಿಂದೆ ತೆಗೆಯುವಾಗ?"

"ಇಳಿದು ನೋಡುವುದು. ಡೌಟು ಬಂದರೆ ಪುನಃ ಇಳಿದು ನೋಡುವುದು. ನೀನು ಟೀಚರ್ ಆಗಬೇಕಿತ್ತು ಮಾರಾಯ್ತಿ."

"ಎಡಕ್ಕೆ ತಿರುಗುವಾಗ?"

ಅಲ್ಲಿಯೇ ತೊಡಕು. ಉತ್ತರ ಬಾಯಿಗೆ ಬರುತ್ತಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಹದಿನೆಂಟು ವರ್ಷ ಎಡಗಡೆ ಎಂದರೆ ಅವರ ಮೊಣಕೈಯ ಪಕ್ಕದಲ್ಲೇ ಇದ್ದ ರಸ್ತೆ. ಇಲ್ಲಿ ಬಲಕ್ಕೆ ಕೂತರೆ ಅದೇ ಎಡ ಏಳೆಂಟು ಅಡಿ ಆಚೆ, ಬಾಗಿಲಿನ ಕೆಳಗೆ ಎಲ್ಲೋ ಇರುತ್ತದೆ. ಮಾಸ್ಟ್ರು ತಿರುವಿನ ಎಡ ಮೂಲೆಯಲ್ಲಿ ಒಂದು ಖಾಲಿ ಡ್ರಮ್ ಇಡುತ್ತಿದ್ದರು. ಅದನ್ನು ಸ್ಕೂಟರ್ ಎಂದು ತಿಳಿಯಬೇಕು. ಮಾಸ್ಟ್ರು ಪರೀಕ್ಷೆ ಮಾಡಿದ ದಿನ ಗಂಡ ಎರಡು ಸಲವೂ ಅದನ್ನು ಉರುಳಿಸಿದರು.

"ಇವತ್ತು ಡ್ರಮ್, ನಾಳೆ ಯಾರದ್ದೋ ಮಗಳು," ಎಂದಿದ್ದರಂತೆ ಮಾಸ್ಟ್ರು. "ಬರುವ ಶನಿವಾರ ಇನ್ನೊಮ್ಮೆ ನೋಡ್ತೇನೆ. ಆಗಲೂ ಆಗದಿದ್ದರೆ ಬಿಟ್ಟುಬಿಡುವಾ. ಬೇಜಾರು ಮಾಡಬೇಡಿ."

ಇದನ್ನು ನನಗೆ ಹೇಳಿ ಊಟಕ್ಕೆ ಕೂತ ಗಂಡ ಅರ್ಧದಲ್ಲೇ ಎದ್ದರು.

ಸೋಮವಾರ ಬೆಳಿಗ್ಗೆ ನಾನು ದೇವಿಯ ಗುಡಿಗೆ ಹೋದೆ. ಪೂಜೆ ಮಾಡಿಸಿ, ನೋಟ್ ಪುಸ್ತಕದಷ್ಟು ದೊಡ್ಡ ಒಂದು ಫೋಟೋ ಮತ್ತು ಒಂದು ಮಾರು ಮಲ್ಲಿಗೆ ತಂದೆ. ಫೋಟೋವನ್ನು ಲಾರಿಯ ಮುಂದಿನ ಗಾಜಿನ ಎಡ ಮೂಲೆಗೆ, ಕೆಳಗೆ ಅಂಟಿಸಿ ಎಂದೆ. ತಪ್ಪು ಆಗುವುದು ಎಲ್ಲಿಯೋ ಅಲ್ಲಿಯೇ ಅಮ್ಮ ಕೂತು ನೋಡಿಕೊಳ್ಳಲಿ ಎಂದು ನನ್ನ ಲೆಕ್ಕ. ಅವರು ಹಾಗೆಯೇ ಮಾಡಿದರು. ಮಲ್ಲಿಗೆಯನ್ನು ಮೇಲಿನಿಂದ ಇಳಿಬಿಟ್ಟರು.

ಸೋಮವಾರ ಡ್ರಮ್ ಉರುಳಿತು. ಮಂಗಳವಾರವೂ ಉರುಳಿತು. ಬುಧವಾರ ಸಂಜೆ ಮನೆಗೆ ಬಂದ ಗಂಡನಲ್ಲಿ ಕೇಳಿದೆ, "ಮಾಸ್ಟ್ರು ಎಂತ ಹೇಳಿದರು?"

"ಎಂತ ಹೇಳಲಿಲ್ಲ. ನಾಳೆ ನಿನ್ನನ್ನು ಕರಕೊಂಡು ಬರಬೇಕಂತೆ."

ಆಗುವುದಿಲ್ಲ ಎಂದು ನನ್ನ ಎದುರಿನಲ್ಲಿ ಹೇಳಲಿಕ್ಕೆ ಇರಬೇಕು ಎಂದುಕೊಂಡೆ. ಗುರುವಾರ ಎರಡು ಬಸ್ ಹಿಡಿದು ಹೋದೆವು. ಕೂರಲು ಸೀಟು ಸಿಕ್ಕಿತು, ಅದೊಂದು ಪುಣ್ಯ.

ಮಾಸ್ಟ್ರು ಲಾರಿಯ ನೆರಳಿನಲ್ಲಿ ನಿಂತಿದ್ದರು. ಕುಶಲ ಕೇಳಿ, ನೀರು ಕೊಟ್ಟು, "ಒಮ್ಮೆ ಮೇಲೆ ಹತ್ತಿ ಕೂತ್ಕೊಳ್ಳಿ ಅಕ್ಕ, ಡ್ರೈವರ್ ಸೀಟಿನಲ್ಲಿ," ಎಂದರು.

"ನಾನಾ? ಎಂತಕ್ಕೆ ಮಾಸ್ಟ್ರೇ?"

"ಸೀರೆ ಜಾಗ್ರತೆ," ಎಂದರು ಗಂಡ. "ಸ್ಟಾರ್ಟ್ ಮಾಡಬೇಡ. ನೀನು ನನಗಿಂತ ಮೊದಲು ಪಾಸ್ ಆದರೆ ಕಷ್ಟ."

ಕಂಬಿ ಹಿಡಿದು, ಸೀರೆ ಎತ್ತಿ ಕಟ್ಟಿ, ಹೇಗೋ ಹತ್ತಿದೆ. ಅಷ್ಟು ಎತ್ತರದಲ್ಲಿ ಕೂತರೆ ಭೂಮಿ ಬೇರೆಯದೇ. ಮಾಸ್ಟ್ರು ಗಾಡಿಯ ಮುಂದಿನಿಂದ ಎಡಕ್ಕೆ ನಡೆದವರು ಕಾಣದಾದರು.

"ಅಕ್ಕ, ನಾನು ಎಲ್ಲಿದ್ದೇನೆ?"

ಸ್ವರ ಹತ್ತಿರದಲ್ಲೇ ಇತ್ತು. ನೋಡಿದೆ. ದೇವಿಯ ಕೆಂಪು ಸೀರೆ ಕಂಡಿತು, ಒಣಗಿದ ಮಲ್ಲಿಗೆ ಕಂಡಿತು.

"ಕಾಣುವುದಿಲ್ಲ ಮಾಸ್ಟ್ರೇ."

"ನನ್ನ ಹಿಂದೆ ನಿಮ್ಮ ಯಜಮಾನರೂ ಇದ್ದಾರೆ."

ಇಬ್ಬರು ಗಂಡಸರು ನಾನು ತಂದ ಫೋಟೋದ ಹಿಂದೆ ನಿಂತಿದ್ದರು.

ಮಾಸ್ಟ್ರು ಬಾಗಿಲ ಬಳಿ ಬಂದು, ಟೊಪ್ಪಿ ತೆಗೆದು ಬೆವರು ಒರೆಸಿಕೊಂಡರು. "ನಾನು ತೆಗೆಯಿರಿ ಅಂದರೆ ಅದು ಬೇರೆಯೇ ಆಗ್ತದೆ ಅಕ್ಕ. ಈಗಿನ ಕಾಲ ನಿಮಗೆ ಗೊತ್ತುಂಟು. ಮೂರು ದಿನ ನೋಡಿದೆ, ಬಾಯಿ ಬರಲಿಲ್ಲ. ನೀವೇ ನೋಡಲಿ ಅಂತ ಕರೆದದ್ದು. ನನ್ನ ಗಾಡಿಯಲ್ಲಿಯೂ ದರ್ಗಾದಿಂದ ತಂದದ್ದು ಇತ್ತು, ಸೀಟಿನ ಹಿಂದೆ ಇಟ್ಟಿದ್ದೆ. ಗಾಜು ಇರುವುದು ನೋಡ್ಲಿಕ್ಕೆ."

ತಪ್ಪಾಯಿತು ಅಮ್ಮ ಎಂದು ಮನಸ್ಸಿನಲ್ಲೇ ಹೇಳಿ, ಉಗುರಿನಿಂದ ಕೆರೆದು ಫೋಟೋ ಬಿಡಿಸಿದೆ. ಒಂದು ಮೂಲೆ ಹರಿಯಿತು. ಸೆರಗಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಮಾಸ್ಟ್ರು ಅಷ್ಟು ಹೊತ್ತು ಬೇರೆ ಕಡೆ ನೋಡುತ್ತಾ ನಿಂತರು. ಆ ಮರ್ಯಾದೆಯನ್ನು ನಾನು ಮರೆಯುವುದಿಲ್ಲ.

"ಇದು ತೆಗೆದರೂ ಪೂರ್ತಿ ಕಾಣುವುದಿಲ್ಲ," ಎಂದು ಆಮೇಲೆ ಗಂಡನಿಗೆ ಹೇಳಿದರು. "ಮುಂದೆ ಬಾಗಬೇಕು, ಕನ್ನಡಿ ನೋಡಬೇಕು, ನಿಲ್ಲಿಸಬೇಕು. ಕಾಣದಿದ್ದರೆ ಅಲ್ಲಿ ಜನ ಉಂಟು ಅಂತಲೇ ತಿಳಿಯಬೇಕು."

ಆ ಸಂಜೆಯೂ ಮರುದಿನವೂ ಮನೆಯಲ್ಲಿ ಇದೇ ಕೆಲಸ. ಅವರು ಅಡುಗೆಮನೆಯ ಸ್ಟೂಲಿನಲ್ಲಿ ಕೂತು, ಸ್ಟಿಯರಿಂಗಿನ ಹಾಗೆ ಕೈಯಲ್ಲಿ ತಟ್ಟೆ ಹಿಡಿದು ತಿರುಗಿಸುವುದು. ನಾನು ಎಡಗಡೆ ಒಲೆಯ ಹತ್ತಿರ, ಸ್ಕೂಟರಿನ ಜಾಗದಲ್ಲಿ. ಬಾಗಿ ನೋಡದೆ ತಿರುಗಿಸಿದರೆ "ಸತ್ತೆ" ಎನ್ನುವುದು.

"ಈಗ ಎಷ್ಟನೇ ಸಲ ಸತ್ತದ್ದು?"

"ಆರನೇ ಸಲ. ಬೇಗ ಕಲಿಯಿರಿ, ಸಾರು ಉಕ್ಕುತ್ತದೆ."

ಕಾಲು ಸೋತು ಹೋಗಿತ್ತು. ಆದರೂ ಶುಕ್ರವಾರ ಸಂಜೆ ಕೊನೆಗೆ ಒಂದಿಪ್ಪತ್ತು ಸಲ ಸಾಯದೆ ನಿಂತೆ.

ಶನಿವಾರ ನಾನು ಹೋಗಲಿಲ್ಲ. ಬಸಳೆ ಸೋಸುತ್ತಾ, ಬಾಯಲ್ಲಿ ಸ್ತೋತ್ರ ಹೇಳುತ್ತಾ, ಎಲ್ಲಿಗೆ ನಿಲ್ಲಿಸಿದೆ ಎಂದು ಮರೆತು ಮತ್ತೆ ಮೊದಲಿನಿಂದ ಹೇಳುತ್ತಾ ಕೂತಿದ್ದೆ. ಎರಡು ಗಂಟೆಗೆ ಬಂದರು. ಕಾಲು ತೊಳೆದು, ಜಗಲಿಯಲ್ಲಿ ಕೂತು ಹೇಳಿದರು. ಈ ಸಲ ಮಾಸ್ಟ್ರು ಡ್ರಮ್ ಇಡಲಿಲ್ಲವಂತೆ, ನೇರ ರಸ್ತೆಗೇ ಕರಕೊಂಡು ಹೋದರಂತೆ. ಒಂದು ಕಡೆ ಎಡಕ್ಕೆ ತಿರುಗಬೇಕಿತ್ತು. ಕನ್ನಡಿಯಲ್ಲಿ ಯಾರೂ ಇರಲಿಲ್ಲ. ಆದರೂ ಇವರು ನಿಲ್ಲಿಸಿ, ಮುಂದೆ ಬಾಗಿ ನೋಡಿದ್ದಾರೆ. ಬಾಗಿಲಿನ ಬುಡದಲ್ಲೇ ಒಂದು ಸ್ಕೂಟರ್. ಒಬ್ಬಳು ಹೆಂಗಸು, ಹಿಂದೆ ಶಾಲೆಯ ಚೀಲ ಹಾಕಿದ ಮಗು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಬೈದನಂತೆ. ಇವರು ಅಲುಗಾಡಲಿಲ್ಲ. ಅವಳು ದಾಟಿ ಹೋದ ಮೇಲೆಯೇ ತಿರುಗಿಸಿದ್ದು.

"ಮಾಸ್ಟ್ರು ಎಂತ ಹೇಳಿದರು?"

"ಚಾ ಕುಡಿಯುವಾ ಅಂದರು."

"ಮತ್ತೆ?"

"ಚಾ ಕುಡಿದೆವು. ಸೋಮವಾರ ಮಾಲಕರ ಹತ್ತಿರ ಹೋಗಿ ಕೀ ತಗೊಳ್ಳಿ ಅಂದರು."

ನಾನು ಅಲ್ಲೇ ಮೆಟ್ಟಿಲಲ್ಲಿ ಕೂತುಬಿಟ್ಟೆ. ಖುಷಿ ಎಂದು ಹೇಳಲಾರೆ. ಇಷ್ಟು ತಿಂಗಳ ಆಯಾಸ ಒಟ್ಟಿಗೆ ಬಂದು ಮೈಮೇಲೆ ಕೂತ ಹಾಗಾಯಿತು. ಆ ಹೆಂಗಸು ಈಗ ಮನೆಗೆ ಮುಟ್ಟಿರಬಹುದು, ಮಗುವಿಗೆ ಅನ್ನ ಬಡಿಸಿರಬಹುದು ಎಂದುಕೊಂಡೆ. ತನ್ನ ಪಕ್ಕದಲ್ಲಿ ಒಂದು ಲಾರಿ ನಿಂತು ಕಾದದ್ದು ಅವಳಿಗೆ ಗೊತ್ತೇ ಆಗಿರಲಿಕ್ಕಿಲ್ಲ.

ಎದ್ದು ಹೋಗಿ ಅವರಿಗೆ ಊಟ ಬಡಿಸಿದೆ. ಇವತ್ತು ಎರಡನೇ ಸಲ ಅನ್ನ ಕೇಳಿದರು. ಸೋಮವಾರಕ್ಕೆ ಅಂಗಿ ನೆನೆಹಾಕಬೇಕಿತ್ತು.