ಎರಡು ಚುಕ್ಕಿ, ಎರಡು ಗೆರೆ

ನಿನ್ನೆ ತರಗತಿಯಲ್ಲಿ ಒಬ್ಬಳು ಪರದೆಯ ಮೇಲೆ ಬೆರಳಿಟ್ಟು, ಸಮ ಚಿಹ್ನೆಯ ಹಿಂದೆ ಈ ಎರಡು ಚುಕ್ಕಿ ಯಾಕೆ ಮಿಸ್ ಎಂದಳು. ಉತ್ತರ ಸುಲಭ.

ಅದನ್ನು ನನಗೆ ಕಲಿಸಿದವಳು ನಸೀಮಾ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಪಕ್ಕದ ಮಹಡಿಯಲ್ಲಿ ಅವಳ ತಂದೆ ಖಾದರ್ ಚಾಚಾ ಕಂಪ್ಯೂಟರ್ ಸೆಂಟರ್ ಇಟ್ಟಿದ್ದರು. ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ನಾನು ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಸೀರೆಯ ಅಂಚಿಗೆ ಹೊಸ ಡಿಸೈನ್ ತೆಗೆಯಲು ಹೋಗುತ್ತೇನೆಂದು ಮನೆಯ ಮಗ್ಗದವರೆಲ್ಲ ನಂಬಿದ್ದರು. ನಾನು ತಿದ್ದಲಿಲ್ಲ. ತಿದ್ದಬೇಕೆಂದರೆ ಮಾತಾಡಬೇಕಲ್ಲ.

“ಬರೀ ಸಮ ಹಾಕಿದ್ರೆ ಸಮೀಕರಣ. ಚುಕ್ಕಿ ಇಟ್ರೆ ಅಪ್ಪಣೆ, ಎಡಗಡೆ ಹೆಸರಿನ ಬೆಲೆ ಬಲಗಡೆ ಇರೋದೇ ಅಂತ. ಆಮೇಲೆ ಇದು ಮರೆಯಂಗಿಲ್ಲ,” ಎಂದಿದ್ದಳು ನಸೀಮಾ. ನೀವು ಆ ಬೀಜಗಣಿತದ ಸಾಫ್ಟ್‌ವೇರ್ ಬಳಸಿರಲಿಕ್ಕಿಲ್ಲ. ಬೆಲೆ ಕೊಡದ ಹೆಸರನ್ನು ಟೈಪ್ ಮಾಡಿದರೆ ಅದು ಆ ಹೆಸರನ್ನೇ ಹಿಂದಿರುಗಿಸುತ್ತದೆ.

ಆ ಮಳೆಗಾಲ ನಸೀಮಾ ಕಾಮಾಲೆಯಲ್ಲಿ ತೀರಿಕೊಂಡಳು. ನಲವತ್ತನೆಯ ದಿನದ ಫಾತೆಹಾ ಮುಗಿದು ಸೆಂಟರ್ ತೆರೆದಾಗ ನಾನು ಅವಳ ಕಂಪ್ಯೂಟರಿನ ಮುಂದೆ ಕೂತೆ. ಚಾಚಾ ಹಿಂದೆ ಬಂದು ನಿಂತರು.

“ಅವಳ ಹೆಸರು ಹಾಕು ಬೇಟಿ.”

ಹಾಕಿದೆ. ಕೆಳಗೆ ನಸೀಮಾ ಎಂದು ಬಂತು.

“ಸೆಂಟರ್ ಮುಚ್ಚಿದ್ರೂ ದಿನಾ ಬೆಳಿಗ್ಗೆ ಬಂದು ಹಾಕ್ತಿದ್ದೆ. ದಿನಾ ಇಲ್ಲೇ ಇದ್ದೀನಿ ಅಂತಾಳೆ. ಇವತ್ತು ಅವಳ ಅಮ್ಮೀನ ಕರ್ಕೊಂಡು ಬರ್ತೀನಿ. ಸರಿಯಾಗಿ ಅನ್ನ ಮುಟ್ಟಿಲ್ಲ ಅವಳು.”

ಆ ತಾಯಿಯನ್ನು ಈ ಪರದೆಯ ಮುಂದೆ ತಂದು ನಿಲ್ಲಿಸಲು ಬಿಡುವಂತಿರಲಿಲ್ಲ. ಈ ಸಲ ತಿದ್ದಲೇಬೇಕಿತ್ತು.

“ಚಾಚಾ, ಯಾವ ಹೆಸರು ಹಾಕಿದ್ರೂ ಹಿಂಗೇ ಬರ್ತೈತೆ. ಇದಕ್ಕೆ ಯಾರೂ ಗೊತ್ತಿಲ್ಲ. ನೋಡ್ರಿ, ನನ್ನ ಹೆಸರು ಹಾಕ್ತೀನಿ.”

ನನ್ನ ಹೆಸರು ಬರಲಿಲ್ಲ. ನಸೀಮಾ ಎಂದು ಬಂತು.

ಅಕ್ಷರ ಸರಿನೋಡಿ ಇನ್ನೊಮ್ಮೆ ಹಾಕಿದೆ. ನಸೀಮಾ.

ಸಾಫ್ಟ್‌ವೇರ್ ತೆರೆದಾಗಲೆಲ್ಲ ತಾನಾಗಿ ಓದಿಕೊಳ್ಳುವ ಫೈಲೊಂದಿರುತ್ತದೆ. ಯಾವತ್ತೋ ತಮಾಷೆಗೆ ಅವಳು ಅದರಲ್ಲಿ ನನ್ನ ಹೆಸರು ಬರೆದು, ಎರಡು ಚುಕ್ಕಿ, ಎರಡು ಗೆರೆ ಹಾಕಿ, ತನ್ನ ಹೆಸರು ಬರೆದಿರಬೇಕು. ಹಾಗೆಂದು ಹೇಳಲು ತಿರುಗಿದೆ. ಚಾಚಾ ಪರದೆಯನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು.

“ಮನೆಗೆ ಬಾ ಬೇಟಿ,” ಎಂದರು ಮೆಲ್ಲಗೆ. “ಊಟ ಮಾಡೀಯಂತೆ.”

ಹೋದೆ. ಚಾಚಾ ಹೊಸಿಲಲ್ಲೇ ನಿಂತರು. ಅಮ್ಮಿ ತಲೆ ಎತ್ತಿ ನನ್ನನ್ನು ನೋಡಿ, “ಯಾಕಿಷ್ಟು ತಡ ಮಾಡ್ದೆ?” ಎಂದು ಎದ್ದು ಎರಡು ತಟ್ಟೆ ಹಾಕಿದರು. ನನ್ನೆದುರು ಕೂತು ಉಂಡರು. ನಾನೂ ಉಂಡೆ.

ಈಗಲೂ ಯಾರಾದರೂ ನನ್ನ ಹೆಸರು ಕೂಗಿದರೆ, ಓ ಎನ್ನುವ ಮೊದಲು ಒಂದು ಕ್ಷಣ ಕಾಯುತ್ತೇನೆ, ಇನ್ನೊಬ್ಬಳು ಓಗೊಡಬಹುದೆಂದು.