ಅರಿಶಿಣದ ಮೇಲೆ ಸೋಪು

ತುರುವನೂರಿನವರು ನನ್ನನ್ನು ನೋಡಲು ಹಿರಿಯೂರಿಗೆ ಬರುವ ದಿನ, ನನ್ನ ಮುಖದ ಚಿಂತೆ ನನಗಿಂತ ಮನೆಯವರಿಗೇ ಹೆಚ್ಚಾಗಿತ್ತು. ಮೊದಲು ಬಂದಿದ್ದವರು ಹುಡುಗಿ ಕಪ್ಪು ಎಂದು ಹೇಳಿಕಳಿಸಿದ್ದರು. ಈ ಸಲವಾದರೂ ಒಪ್ಪಿಗೆಯಾಗಲಿ ಎಂದು ನನಗೂ ಆಸೆಯಿತ್ತು; ಇಲ್ಲವೆಂದರೆ ಸುಳ್ಳಾಗುತ್ತದೆ.

ಅಲಂಕಾರದ ವಿಷಯದಲ್ಲಿ ಮನೆಯಲ್ಲಿ ಎರಡು ಪಕ್ಷ. ಅಜ್ಜಿಯದು ಹಳೆಯದು: ಮುಖಕ್ಕೆ ಅರಿಶಿಣ, ಕಣ್ಣಿಗೆ ಹರಳೆಣ್ಣೆ ದೀಪದ ಕಾಡಿಗೆ, ಹಣೆಗೆ ವಿಭೂತಿ. ಚಿಕ್ಕಮ್ಮನದು ಹೊಸದು. ಚಿಕ್ಕಪ್ಪ ಮಾರಿಕಣಿವೆಯ ಅಣೆಕಟ್ಟೆ ಕೆಲಸದಲ್ಲಿ ಮೇಸ್ತ್ರಿ. ಅಲ್ಲಿನ ಇಂಜಿನಿಯರರ ಮನೆ ಹೆಂಗಸರನ್ನು ನೋಡಿ ನೋಡಿ ಅವಳೂ ಒಂದು ಪರಿಮಳದ ಸೋಪು ಸಂಪಾದಿಸಿಕೊಂಡು ಬಂದಿದ್ದಳು.

“ಸೋಪ್ ಹಾಕಿ ತೊಳ್ಕ. ಬೆಳ್ಳಗೆ ಕಾಣ್ತೀಯ,” ಎಂದಳು ಚಿಕ್ಕಮ್ಮ.

“ಅದ್ರಾಗೆ ಯಾವ ಕೊಬ್ಬು ಹಾಕಿರ್ತಾರೋ ಏನೋ. ನನ್ನ ಮೊಮ್ಮಗಳ ಮುಖಕ್ಕೆ ಬ್ಯಾಡ,” ಎಂದಳು ಅಜ್ಜಿ.

ನಾನು ಇಬ್ಬರನ್ನೂ ಮೆಚ್ಚಿಸುವ ಬುದ್ಧಿವಂತಿಕೆ ಮಾಡಿದೆ. ಅಜ್ಜಿಯೆದುರು ಧಾರಾಳವಾಗಿ ಅರಿಶಿಣ ಹಚ್ಚಿಕೊಂಡೆ. ಬಚ್ಚಲಿಗೆ ಹೋಗಿ ಅದರ ಮೇಲೆಯೇ ಸೋಪು ತಿಕ್ಕಿದೆ. ಅಷ್ಟರಲ್ಲಿ ಬಾಗಿಲಲ್ಲಿ ಗಾಡಿ ನಿಂತಿತು. ಗಡಿಬಿಡಿಯಲ್ಲಿ ಒಂದಿಷ್ಟು ನೀರು ಎರಚಿಕೊಂಡು ಬಂದು ಕನ್ನಡಿ ನೋಡಿದರೆ, ಮುಖದ ತುಂಬ ಇಟ್ಟಿಗೆ ಬಣ್ಣದ ಕಲೆಗಳು. ಅರಿಶಿಣಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದು ಆರತಿ ಎತ್ತುವ ಎಲ್ಲ ಹೆಂಗಸರಿಗೂ ಗೊತ್ತು. ಸೋಪಿಗೂ ಅದೇ ಗುಣವೆಂದು ನಮ್ಮನೆಯಲ್ಲಿ ಯಾರಿಗೆ ಗೊತ್ತಿತ್ತು?

ಹೊರಗಿನಿಂದ ಕರೆ ಬಂತು. ಎಲೆ ಅಡಿಕೆಯ ತಟ್ಟೆ ಹಿಡಿದು, ತಲೆ ತಗ್ಗಿಸಿ ಹೋದೆ. ಹುಡುಗನ ತಾಯಿ ನನ್ನನ್ನು ನೋಡಿದವರೇ ಎದ್ದು ನಿಂತರು. ಇದೂ ಮುಗಿಯಿತು ಎಂದುಕೊಂಡೆ.

ಅವರು ತಟ್ಟೆಯನ್ನು ಕೆಳಗಿಡಿಸಿ, ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

“ಅರಿಶಿಣದ ಮ್ಯಾಲೆ ಸೋಪು ಹಾಕ್ಕಂಡ್ಯೇನವ್ವ?”

ಹೂಂಗುಟ್ಟಿದೆ. ಅವರು ಅಜ್ಜಿಯ ಕಡೆ ತಿರುಗಿ, “ಒಂದೀಟು ಹುಳಿ ಮಜ್ಜಿಗೆ ಕೊಡ್ರಿ,” ಎಂದರು. ಅದನ್ನು ತಾವೇ ನನ್ನ ಕೆನ್ನೆಗೆ ಹಚ್ಚಿ ಉಜ್ಜತೊಡಗಿದರು. ಕೆಂಪು ಇಳಿಯಿತು.

“ನಿಮಗಿದು ಹೆಂಗೆ ಗೊತ್ತಾತು?” ಅಜ್ಜಿ ಕೇಳಿದಳು.

“ನನ್ನ ಮಗಳಿಗೂ ಹಿಂಗೇ ಆಗಿತ್ತು. ನೋಡಾಕೆ ಬಂದೋರು ಚರ್ಮದ ರೋಗ ಅಂತ ಎದ್ದು ಹೋದ್ರು. ಊರೆಲ್ಲ ಅದೇ ಮಾತಾತು. ಇನ್ನೂ ಮನೇಲೇ ಅವ್ಳೆ.” ಅವರು ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿದರು. “ಈಗ ನಿನ್ನ ಮುಖ ಕಾಣ್ತೈತೆ. ನಡಿ, ಹೊರಗೆ ಹೋಗಾಣ.”

ಕಪ್ಪು ಮುಖದಲ್ಲೇ ಹೋಗಿ ಕುಳಿತೆ. ಒಪ್ಪಿಗೆಯಾಯಿತು.

ಮದುವೆಯಲ್ಲಿ ನನಗೆ ಅರಿಶಿಣ ಹಚ್ಚಿದ್ದು ಆ ಮಗಳೇ, ನನ್ನ ನಾದಿನಿ. ಮೊದಲು ಸೋಪೆಲ್ಲೈತೆ ಎಂದು ಕೇಳಿ, ಅದನ್ನು ಅಟ್ಟದ ಮೇಲೆ ಎಸೆದು ಬಂದು, ಆಮೇಲೆ ನನ್ನ ಮುಖ ಮುಟ್ಟಿದಳು.